ಇಲ್ಲದ ತಂಡಕ್ಕೆ ಹಾಡು ಸಿಕ್ಕ ಕತೆ

ಕಾಲೇಜಿನ ಸಭಾಂಗಣದಲ್ಲಿ ಪ್ರತಿಭಾ ಸ್ಪರ್ಧೆ ನಡೆದಿದೆ. ವೇದಿಕೆಯ ಮೇಲೆ ನಾಲ್ವರು ಹುಡುಗರು. ಡ್ರಮ್ಸ್ ಬಾರಿಸಬೇಕಿದ್ದವನು ಕೈ ಮುರಿದುಕೊಂಡಿದ್ದಾನೆ. ಅವನ ಜಾಗಕ್ಕೆ ಅಪ್ಪನ ಅಂಗಡಿಯಲ್ಲಿ ರೇಡಿಯೊ, ಟೀವಿ ಮಾರುತ್ತಿದ್ದ ಗೈ ಪ್ಯಾಟರ್ಸನ್ ಎಂಬವನನ್ನು ಕಡೇ ಗಳಿಗೆಯಲ್ಲಿ ಹಿಡಿದು ತಂದಿದ್ದಾರೆ. ಹಾಡು ಕಟ್ಟಿದ ಜಿಮ್ಮಿಯ ಮನಸ್ಸಿನಲ್ಲಿ ಅದು ನಿಧಾನವಾಗಿ ಸಾಗುವ ವಿರಹದ ಹಾಡು. ಗೈ ಮಾತ್ರ ಕೋಲು ಎತ್ತಿದವನೇ ಕಾಲಪ್ರಮಾಣ ಏರಿಸಿ ಬಾರಿಸಲು ಶುರುಹಚ್ಚುತ್ತಾನೆ. ಜಿಮ್ಮಿ ಹಿಂದಕ್ಕೆ ತಿರುಗಿ ಗುರುಗುಟ್ಟುತ್ತಾನೆ, ನಿಧಾನ ಮಾಡು ಅನ್ನುತ್ತಾನೆ. ಗೈ ಕೇಳುವ ಸ್ಥಿತಿಯಲ್ಲಿಲ್ಲ. ಉಳಿದವರು ಅವನ ವೇಗಕ್ಕೆ ಓಡಿ ಸೇರಿಕೊಳ್ಳಲೇಬೇಕು. ಇನ್ನೇನು ಎಲ್ಲ ಕೆಟ್ಟಿತು ಅನ್ನುವಷ್ಟರಲ್ಲಿ ಕೂತಿದ್ದ ಜನ ಎದ್ದು ಕುಣಿಯತೊಡಗುತ್ತಾರೆ.

ಟಾಮ್ ಹ್ಯಾಂಕ್ಸ್ ಬರೆದು, ಮೊದಲ ಬಾರಿಗೆ ನಿರ್ದೇಶಿಸಿದ ಕಥಾಚಿತ್ರ ‘ದಟ್ ಥಿಂಗ್ ಯು ಡೂ!’ದ ದೃಶ್ಯ ಇದು. ಕತೆ ನಡೆಯುವುದು 1964ರಲ್ಲಿ, ಪೆನ್ಸಿಲ್ವೇನಿಯಾದ ಈರಿ ಎಂಬ ಊರಿನಲ್ಲಿ. ಆ ವರ್ಷದ ಫೆಬ್ರವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಎಡ್ ಸಲಿವನ್ ಕಾರ್ಯಕ್ರಮದಲ್ಲಿ ಹಾಡಿತ್ತು. ಸುಮಾರು 7 ಕೋಟಿ 30 ಲಕ್ಷ ಜನ ಅದನ್ನು ಟೀವಿಯಲ್ಲಿ ನೋಡಿದ್ದರು. ಮರುದಿನದಿಂದಲೇ ಊರೂರಿನ ಗ್ಯಾರೇಜುಗಳಲ್ಲಿ ಹುಡುಗರು ಗಿಟಾರ್ ಹಿಡಿದು ನಿಂತರು. ಹ್ಯಾಂಕ್ಸ್ ಕಲ್ಪಿಸಿಕೊಂಡ ‘ದಿ ವಂಡರ್ಸ್’ ಅಂಥ ಹುಡುಗರ ತಂಡ. ಒಂದೇ ಒಂದು ಹಾಡಿನಿಂದ ದೇಶಕ್ಕೆಲ್ಲ ಗೊತ್ತಾಗಿ, ಬೇಸಿಗೆ ಮುಗಿಯುವ ಹೊತ್ತಿಗೆ ಒಡೆದು ಹೋಗುವ ತಂಡ.

ಚಿತ್ರಕತೆ ಬರೆಯುವವನಿಗೆ ಇದು ಸುಲಭ. ‘ಹಾಡು ಶುರುವಾಗುತ್ತದೆ, ಜನ ಹುಚ್ಚೆದ್ದು ಕುಣಿಯುತ್ತಾರೆ’ ಎಂದು ಒಂದು ಸಾಲು ಬರೆದರೆ ಆಯಿತು. ಕಾದಂಬರಿಯಲ್ಲಾದರೆ ಅಷ್ಟಕ್ಕೇ ಮುಗಿಯುತ್ತದೆ. ಓದುವವನು ತನಗೆ ಬೇಕಾದ ಹಾಡನ್ನು ಒಳಗೇ ಕೇಳಿಸಿಕೊಳ್ಳುತ್ತಾನೆ. ಸಿನಿಮಾದಲ್ಲಿ ಆ ಆಟ ನಡೆಯುವುದಿಲ್ಲ. ಥಿಯೇಟರಿನ ಕತ್ತಲಲ್ಲಿ ಕೂತವನಿಗೆ ಆ ಹಾಡು ನಿಜವಾಗಿ ಕೇಳಿಸಬೇಕು, ಕೇಳಿದ ತಕ್ಷಣ ಅವನ ಕಾಲೂ ತಾಳ ಹಾಕಬೇಕು. ಹಾಕದಿದ್ದರೆ ತೆರೆಯ ಮೇಲೆ ಕುಣಿಯುತ್ತಿರುವವರು ದುಡ್ಡಿಗೆ ಬಂದ ಸಹನಟರಾಗಿ ಕಾಣುತ್ತಾರೆ, ಕತೆ ಅಲ್ಲೇ ಸಾಯುತ್ತದೆ. ಹ್ಯಾಂಕ್ಸ್ ಬರೆದ ಕತೆಯಲ್ಲಿ ಇನ್ನೂ ಒಂದು ಕಷ್ಟವಿತ್ತು. ಸ್ಪರ್ಧೆಯಲ್ಲಿ, ಪಿಜ್ಜಾ ಅಂಗಡಿಯಲ್ಲಿ, ಚರ್ಚಿನೊಳಗೆ ನಡೆಯುವ ಧ್ವನಿಮುದ್ರಣದಲ್ಲಿ, ರೇಡಿಯೊದಲ್ಲಿ, ಊರೂರಿನ ಮೇಳಗಳಲ್ಲಿ, ಕೊನೆಗೆ ಹಾಲಿವುಡ್ಡಿನ ಟೀವಿ ಕಾರ್ಯಕ್ರಮದಲ್ಲಿ, ಹೀಗೆ ಅದೇ ಹಾಡು ಮತ್ತೆ ಮತ್ತೆ ಬರುತ್ತದೆ. ಮೂರನೆಯ ಸಲಕ್ಕೇ ಬೇಜಾರಾಗುವ ಹಾಡಾದರೆ ಚಿತ್ರವೇ ಇಲ್ಲ.

ಹಾಗಾಗಿ ಹಾಡಿಗಾಗಿ ಹುಡುಕಾಟ ಶುರುವಾಯಿತು. ಸಂಗೀತ ಪ್ರಕಾಶನ ಸಂಸ್ಥೆಗಳಿಗೆ ಸುದ್ದಿ ಹೋಯಿತು. ಬೀಟಲ್ಸರನ್ನು ಈಗಷ್ಟೇ ಕೇಳಿದ ಅಮೆರಿಕದ ಸಣ್ಣ ಊರಿನ ಹುಡುಗರು 1964ರಲ್ಲಿ ಬರೆದಿರಬಹುದಾದ ಹಾಡು ಬೇಕು, ಹಿಟ್ ಆಗಿರಬಹುದು ಎಂದು ನಂಬುವಂತಿರಬೇಕು, ಆದರೆ ಆ ಕಾಲದ ಯಾವ ಹಾಡಿನ ನಕಲೂ ಆಗಿರಬಾರದು. ವೃತ್ತಿಪರ ಗೀತಕಾರರಿಂದ ನೂರಾರು ಹಾಡುಗಳು ಬಂದು ಬಿದ್ದವು.

ಅವುಗಳಲ್ಲಿ ಒಂದು ಆ್ಯಡಮ್ ಶ್ಲೆಸಿಂಜರ್ ಅವರದ್ದು. ಅವರು ಹುಟ್ಟಿದ್ದೇ 1967ರಲ್ಲಿ. ಯಾವ ಬೇಸಿಗೆಯ ಹಾಡು ಬರೆಯಬೇಕಿತ್ತೋ ಅದನ್ನು ಕಂಡವರಲ್ಲ. ಮೂವತ್ತು ದಾಟದ ವಯಸ್ಸು. ನ್ಯೂಯಾರ್ಕಿನಲ್ಲಿ ಎರಡು ತಂಡಗಳಲ್ಲಿ ನುಡಿಸುತ್ತಿದ್ದರು. ‘ಐವಿ’ ಒಂದು, ಗೆಳೆಯ ಕ್ರಿಸ್ ಕಾಲಿಂಗ್‌ವುಡ್ ಜೊತೆ ಕಟ್ಟಿದ ‘ಫೌಂಟನ್ಸ್ ಆಫ್ ವೇಯ್ನ್’ ಇನ್ನೊಂದು. ನ್ಯೂಜೆರ್ಸಿಯ ವೇಯ್ನ್ ಊರಿನಲ್ಲಿ ತೋಟದ ಕಾರಂಜಿ, ಅಲಂಕಾರದ ಸಾಮಾನು ಮಾರುತ್ತಿದ್ದ ಅಂಗಡಿಯ ಹೆಸರನ್ನೇ ತಂಡಕ್ಕೆ ಇಟ್ಟುಕೊಂಡಿದ್ದರು. ಹೊರಗಿನ ಲೋಕಕ್ಕೆ ಇಬ್ಬರೂ ಅಪರಿಚಿತರು. ಶ್ಲೆಸಿಂಜರ್ ಹಾಡು ಬರೆದು, ‘ಕ್ಯಾಂಡಿ ಬುಚರ್ಸ್’ ತಂಡದ ಗಾಯಕ ಮೈಕ್ ವಯೋಲಾ ಅವರನ್ನು ಕರೆದು ಹಾಡಿಸಿ, ಡೆಮೊ ಕಳಿಸಿಕೊಟ್ಟರು. ಆಯ್ಕೆಯಾದದ್ದು ಆ ಹಾಡೇ. ತೆರೆಯ ಮೇಲೆ ಜಿಮ್ಮಿಯ ಬಾಯಿಂದ ಬರುವ ದನಿಯೂ ವಯೋಲಾ ಅವರದ್ದೇ.

ಈ ಹಾಡನ್ನು ಒಮ್ಮೆ ಗಮನವಿಟ್ಟು ಕೇಳಬೇಕು. ಮೊದಲು ಡ್ರಮ್ಸ್ ಒಂದೇ. ಆಮೇಲೆ ಗಿಟಾರು ನುಗ್ಗುತ್ತದೆ. ಪೀಠಿಕೆಯೇನೂ ಇಲ್ಲದೆ ಗಾಯಕ ನೇರವಾಗಿ ಶೀರ್ಷಿಕೆಯ ಮಾತುಗಳಿಗೇ ಬಂದುಬಿಡುತ್ತಾನೆ. ಮೂರು ನಿಮಿಷ ತುಂಬುವ ಮೊದಲೇ ಎಲ್ಲ ಮುಗಿದಿರುತ್ತದೆ. ಅಂದಿನ ರೇಡಿಯೊ ಬಯಸುತ್ತಿದ್ದದ್ದೂ ಅಷ್ಟನ್ನೇ. ಸಾಹಿತ್ಯ ನೋಡಿದರೆ ಪೂರ್ತಿ ದುಃಖ: ಕೈಬಿಟ್ಟು ಹೋದ ಹುಡುಗಿಯ ನೆನಪಿನಲ್ಲಿ ಬೇಯುತ್ತಿರುವವನ ಮಾತು. ಜಿಮ್ಮಿ ಅದನ್ನು ನಿಧಾನವಾಗಿ ಹಾಡಬೇಕೆಂದು ಹಟ ಹಿಡಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಡ್ರಮ್ಸ್ ಆ ದುಃಖವನ್ನು ಕೂರಲು ಬಿಡುವುದಿಲ್ಲ, ರಟ್ಟೆ ಹಿಡಿದು ಎಬ್ಬಿಸಿ ಓಡಿಸುತ್ತದೆ. ಅಳುವ ಮಾತು, ಕುಣಿಯುವ ಲಯ ಎರಡೂ ಒಂದರ ಮೇಲೊಂದು ಕೂತಾಗ ಹುಟ್ಟುವ ಎಳೆತ ಇದೆಯಲ್ಲ, ಆರಂಭದ ಬೀಟಲ್ಸ್ ಹಾಡುಗಳ ಜೀವ ಇದ್ದದ್ದು ಅದರಲ್ಲೇ. ಶ್ಲೆಸಿಂಜರ್ ಬೀಟಲ್ಸರ ಯಾವ ಹಾಡಿನ ರಾಗವನ್ನೂ ಮುಟ್ಟಲಿಲ್ಲ. ಈ ಎಳೆತವನ್ನು ಮಾತ್ರ ಹಿಡಿದರು. ಹಳೆಯ ಅಚ್ಚಿಗೆ ಹೊಸ ಬೆಲ್ಲ ಹೊಯ್ದ ಹಾಗೆ.

ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಬೇರೆ. ಹಳೆಯ ಕಾಲದ ಹಾಡನ್ನು ಕಲ್ಪಿಸಿ ಬರೆಯಿರಿ ಅಂದರೆ ಹೆಚ್ಚಿನವರ ಕೈ ಅಣಕದ ಕಡೆಗೆ ಜಾರುತ್ತದೆ. ಆ ಕಾಲದ ವರಸೆಗಳನ್ನೆಲ್ಲ ತುಂಬಿ, ‘ನೋಡಿ, ಆಗ ಹೀಗಿತ್ತು’ ಎಂದು ಕಣ್ಣು ಮಿಟುಕಿಸುತ್ತಾರೆ. ಈ ಹಾಡಿನಲ್ಲಿ ಅಂಥ ಒಂದು ಮಿಟುಕೂ ಇಲ್ಲ. ಇಲ್ಲದ ಹುಡುಗರಿಗಾಗಿ ಬರೆದದ್ದು ನಿಜ, ಆದರೆ ಬರೆದವರು ಪಟ್ಟ ಶ್ರದ್ಧೆ ತಮ್ಮ ಸ್ವಂತ ತಂಡಕ್ಕೆ ಪಡುವಷ್ಟೇ.

ಹ್ಯಾಂಕ್ಸ್ ಕೂಡ ಅದೇ ಶ್ರದ್ಧೆಯಿಂದ ಕೂತರು. ನಾಲ್ವರು ನಟರೂ, ಅಂದರೆ ಟಾಮ್ ಎವರೆಟ್ ಸ್ಕಾಟ್, ಜೊನಾಥನ್ ಶೆಕ್, ಸ್ಟೀವ್ ಜಾನ್, ಈಥನ್ ಎಂಬ್ರಿ, ವಾರಗಟ್ಟಲೆ ತಂತಮ್ಮ ವಾದ್ಯ ಹಿಡಿದು ಅಭ್ಯಾಸ ಮಾಡಿದರು. ಕೇಳಿಸುವ ಸ್ವರಕ್ಕೂ ಕಾಣುವ ಬೆರಳಿಗೂ ಹೊಂದಿಕೆಯಾಗಬೇಕಿತ್ತು. ಚಿತ್ರದ ಸೌಂಡ್‌ಟ್ರ್ಯಾಕಿನಲ್ಲಿ ಇರುವುದೆಲ್ಲ ಹೊಸದಾಗಿ ಬರೆದ ಹಾಡುಗಳೇ. ವಂಡರ್ಸ್ ಜೊತೆ ಊರೂರು ಸುತ್ತುವ ಬೇರೆ ಗಾಯಕರು, ಹುಡುಗಿಯರ ತಂಡ, ಜಾಜ್ ಪಿಯಾನೊ ವಾದಕ, ಎಲ್ಲರೂ ಕಲ್ಪಿತರು, ಅವರಿಗೆಲ್ಲ ಒಂದೊಂದು ಹಾಡು. ಕೆಲವುಗಳಲ್ಲಿ ಹ್ಯಾಂಕ್ಸ್ ಅವರ ಕೈಯೂ ಇದೆ. ‘ಪ್ಲೇ-ಟೋನ್’ ಎಂಬ ರೆಕಾರ್ಡ್ ಕಂಪನಿಯನ್ನೂ ಕತೆಗಾಗಿ ಹುಟ್ಟಿಸಿದರು. ಮುಂದೆ ಹ್ಯಾಂಕ್ಸ್ ತಮ್ಮ ನಿಜವಾದ ನಿರ್ಮಾಣ ಸಂಸ್ಥೆಗೆ ಅದೇ ಹೆಸರಿಟ್ಟರು.

ಇಲ್ಲದ ತಂಡಕ್ಕೆ ನಿಜವಾದ ಹಿಟ್ ಹಾಡು ಹುಡುಕುವ ಕೆಲಸ ಈ ಚಿತ್ರ ಬಂದ 1996ರಲ್ಲಿ ಹೊಸದೇನೂ ಆಗಿರಲಿಲ್ಲ. ಅದರ ದಾರಿ ತೆರೆದವರು ಟೀವಿ ನಿರ್ಮಾಪಕರಾದ ಬಾಬ್ ರಾಫೆಲ್ಸನ್ ಮತ್ತು ಬರ್ಟ್ ಶ್ನೈಡರ್. 1965ರ ಸೆಪ್ಟೆಂಬರಿನಲ್ಲಿ ಅವರು ಹಾಲಿವುಡ್ಡಿನ ಸಿನಿಮಾ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಕೊಟ್ಟರು. ಹೊಸ ಟೀವಿ ಧಾರಾವಾಹಿಯಲ್ಲಿ ಸಂಗೀತ ತಂಡದ ಪಾತ್ರಗಳಿಗೆ 17ರಿಂದ 21 ವಯಸ್ಸಿನ ತಲೆಕೆಟ್ಟ ಹುಡುಗರು ನಾಲ್ವರು ಬೇಕು ಎಂದು. ಬಂದವರು 400ಕ್ಕೂ ಹೆಚ್ಚು. ಆಯ್ಕೆಯಾದವರಲ್ಲಿ ಪೀಟರ್ ಟಾರ್ಕ್, ಮೈಕಲ್ ನೆಸ್ಮಿತ್ ಸಂಗೀತಗಾರರು. ಮಿಕಿ ಡೋಲೆಂಜ್ ಬಾಲನಟನಾಗಿ ಬೆಳೆದವರು. ಡ್ರಮ್ಸ್ ಹಿಡಿದದ್ದು ಈ ಪಾತ್ರ ಸಿಕ್ಕ ಮೇಲೆ. ಡೇವಿ ಜೋನ್ಸ್ ಬ್ರಾಡ್‌ವೇ ರಂಗಭೂಮಿಯ ಹುಡುಗ. ಬೀಟಲ್ಸ್ ಹಾಡಿದ ಅದೇ ರಾತ್ರಿ, ಅದೇ ಎಡ್ ಸಲಿವನ್ ವೇದಿಕೆಯಲ್ಲಿ ‘ಆಲಿವರ್!’ ನಾಟಕದ ತಂಡದೊಡನೆ ಹಾಡಿದ್ದ ಹುಡುಗ. ಹೀಗೆ ‘ದಿ ಮಂಕೀಸ್’ ಹುಟ್ಟಿತು.

ಅವರ ಮೊದಲ ಹಾಡು ಸಿಕ್ಕ ಬಗೆ ಸೊಗಸಾಗಿದೆ. ಗೀತಕಾರ ಬಾಬಿ ಹಾರ್ಟ್ ಹೇಳಿಕೊಂಡ ಪ್ರಕಾರ, ಕಾರಿನ ರೇಡಿಯೊ ಹಾಕಿದಾಗ ಬೀಟಲ್ಸರ ‘ಪೇಪರ್‌ಬ್ಯಾಕ್ ರೈಟರ್’ ಮುಗಿಯುತ್ತಿತ್ತು. ಕೊನೆಯ ಮಾತುಗಳು ಅವರ ಕಿವಿಗೆ ‘ಲಾಸ್ಟ್ ಟ್ರೇನ್’ ಎಂಬಂತೆ ಬಿದ್ದವು. ಮತ್ತೊಮ್ಮೆ ಕೇಳಿದಾಗ ಆ ಹಾಡಿನಲ್ಲಿ ರೈಲೂ ಇಲ್ಲ, ಏನೂ ಇಲ್ಲ. ಹಾಗಾದರೆ ಕೊನೆಯ ರೈಲು ನಮಗಿರಲಿ ಎಂದು ಹಾರ್ಟ್ ಮತ್ತು ಟಾಮಿ ಬಾಯ್ಸ್ ಸೇರಿ ‘ಲಾಸ್ಟ್ ಟ್ರೇನ್ ಟು ಕ್ಲಾರ್ಕ್ಸ್‌ವಿಲ್’ ಬರೆದರು. ಹುಡುಗಿಯನ್ನು ಸ್ಟೇಷನ್ನಿಗೆ ಬಾ ಎಂದು ಕರೆಯುವ ಹಾಡು. ಕರೆಯುವವನು ವಿಯೆಟ್ನಾಂ ಯುದ್ಧಕ್ಕೆ ಹೊರಟವನು, ತಿರುಗಿ ಬರುವುದು ಖಾತ್ರಿಯಿಲ್ಲದವನು ಎಂಬುದನ್ನು ಒಳಗೆ ಸದ್ದಿಲ್ಲದೆ ಸೇರಿಸಿದ್ದರು. ಧಾರಾವಾಹಿ ಶುರುವಾದದ್ದು 1966ರ ಸೆಪ್ಟೆಂಬರ್ 12ಕ್ಕೆ. ನವೆಂಬರಿನಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಯಲ್ಲಿತ್ತು. ಆ ಧ್ವನಿಮುದ್ರಿಕೆಯಲ್ಲಿ ಮಂಕೀಸ್ ನಾಲ್ವರಲ್ಲಿ ಇದ್ದದ್ದು ಡೋಲೆಂಜ್ ದನಿಯೊಂದೇ. ವಾದ್ಯಗಳೆಲ್ಲ ಬೇರೆಯವರವು.

ಈ ಗುಟ್ಟು ಹೊರಬಿದ್ದಾಗ ಅಮೆರಿಕದ ಪತ್ರಿಕೆಗಳು ಮೋಸ, ಮೋಸ ಎಂದು ಕೂಗಿದವು. ಕನ್ನಡದವರಿಗೆ ಈ ಕೂಗು ವಿಚಿತ್ರವಾಗಿ ಕೇಳಿಸುತ್ತದೆ. ರಾಜ್‌ಕುಮಾರ್ ತುಟಿ ಆಡಿಸಿದ ಹಾಡುಗಳಿಗೆ ವರ್ಷಗಟ್ಟಲೆ ಪಿ.ಬಿ. ಶ್ರೀನಿವಾಸ್ ದನಿಯಾದರು; ಅವರ ಹೆಸರು ರೆಕಾರ್ಡಿನ ಮೇಲೆ ಅಚ್ಚಾಗುತ್ತಿತ್ತು, ಆಕಾಶವಾಣಿಯವರು ಪ್ರತಿ ಸಲ ಹೇಳುತ್ತಿದ್ದರು. ಯಾರಿಗೂ ಮೋಸ ಅನ್ನಿಸಲಿಲ್ಲ. ಇಬ್ಬರ ಮೇಲೂ ಪ್ರೀತಿ ಹೆಚ್ಚಿತು. ದನಿಯ ಒಡೆಯ ಯಾರೆಂದು ಗೊತ್ತಿದ್ದರೂ ಪಾತ್ರದ ಮೇಲಿನ ನಂಬಿಕೆ ಅಲುಗುವುದಿಲ್ಲ ಎನ್ನುವುದಕ್ಕೆ ನಮ್ಮ ಸಿನಿಮಾಗಳೇ ಸಾಕ್ಷಿ. ಮಂಕೀಸ್ ವಿಷಯದಲ್ಲಿ ಕೆಟ್ಟದ್ದು ಬೇರೆಯವರು ನುಡಿಸಿದ್ದಲ್ಲ, ಅದನ್ನು ಮುಚ್ಚಿಟ್ಟದ್ದು.

ನಾಲ್ವರಿಗೂ ಅದೇ ಸಂಕಟ. ಸಂಗೀತದ ಉಸ್ತುವಾರಿ ಹೊತ್ತಿದ್ದ ಡಾನ್ ಕರ್ಷ್‌ನರ್ ಈ ಹುಡುಗರಿಗೆ ನುಡಿಸಲು ಬಿಡುತ್ತಿರಲಿಲ್ಲ. 1967ರ ಆರಂಭದಲ್ಲಿ ಹೋಟೆಲೊಂದರಲ್ಲಿ ಮಾತಿಗೆ ಮಾತು ಬೆಳೆದು ನೆಸ್ಮಿತ್ ಗೋಡೆಗೆ ಗುದ್ದಿದರು, ಗೋಡೆಯಲ್ಲಿ ತೂತು ಬಿತ್ತು. ಕೊನೆಗೆ ಕರ್ಷ್‌ನರ್ ಹೊರಹೋಗಬೇಕಾಯಿತು. ಆ ಮೇ ತಿಂಗಳಲ್ಲಿ ಬಂದ ‘ಹೆಡ್‌ಕ್ವಾರ್ಟರ್ಸ್’ ಆಲ್ಬಮ್‌ನಲ್ಲಿ ತಾವೇ ನುಡಿಸಿ ಹಾಡಿದರು. ಅದು ಮೊದಲ ಸ್ಥಾನಕ್ಕೂ ಹೋಯಿತು. ಮರುವಾರ ಅದನ್ನು ಕೆಳಗಿಳಿಸಿದ್ದು ಬೀಟಲ್ಸರ ‘ಸಾರ್ಜೆಂಟ್ ಪೆಪ್ಪರ್’. ಅದರ ಹಿಂದೆ ಎರಡನೆಯ ಸ್ಥಾನದಲ್ಲಿ ‘ಹೆಡ್‌ಕ್ವಾರ್ಟರ್ಸ್’ ವಾರಗಟ್ಟಲೆ ಕದಲದೆ ನಿಂತಿತು. ತಂಡದ ಪಾತ್ರ ಮಾಡಲು ಬಂದವರು ತಂಡವೇ ಆಗಿಬಿಟ್ಟರು. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಪ್ರಿಯವಾದ ಘಟನೆ ಇದು.

ಕರ್ಷ್‌ನರ್ ಬೇರೆಯೇ ಪಾಠ ಕಲಿತರು: ಮನುಷ್ಯರಾದರೆ ಹಕ್ಕು ಕೇಳುತ್ತಾರೆ, ಚಿತ್ರದ ಬೊಂಬೆಗಳಾದರೆ ಕೇಳುವುದಿಲ್ಲ. ಆರ್ಚಿ ಕಾಮಿಕ್ಸಿನ ಪಾತ್ರಗಳು ಟೀವಿ ಕಾರ್ಟೂನಿಗೆ ಬಂದಾಗ ‘ದಿ ಆರ್ಚೀಸ್’ ತಂಡಕ್ಕೆ ಹಾಡು ಹೊಂದಿಸಿದವರು ಅವರೇ. ಜೆಫ್ ಬ್ಯಾರಿ, ಆ್ಯಂಡಿ ಕಿಮ್ ಬರೆದ, ರಾನ್ ಡಾಂಟೆ ಹಾಡಿದ ‘ಶುಗರ್, ಶುಗರ್’ 1969ರಲ್ಲಿ ನಾಲ್ಕು ವಾರ ಪಟ್ಟಿಯ ತುದಿಯಲ್ಲಿತ್ತು. ಬಿಲ್‌ಬೋರ್ಡ್ ಲೆಕ್ಕದಲ್ಲಿ ಅದು ಆ ವರ್ಷದ ನಂಬರ್ ಒನ್ ಹಾಡು. ತಂಡ ಬಾಯಿ ಮುಚ್ಚಿಕೊಂಡಿತ್ತು ಎಂದು ಅದು ಗೆಲ್ಲಲಿಲ್ಲ. ಬ್ಯಾರಿ, ಕಿಮ್ ಕಟ್ಟಿದ ರಾಗಕ್ಕೆ ಡಾಂಟೆ ಮನಸಾರೆ ದನಿ ಕೊಟ್ಟದ್ದರಿಂದ ಗೆದ್ದಿತು.

ಹಾಡು ನಿಜವಾಗಿದ್ದರೆ ಸಾಕು, ತಂಡ ಯಾವುದಾದರೇನು ಅನ್ನಬಹುದು. ಅಷ್ಟೇ ಆಗಿದ್ದರೆ ಹಾಡನ್ನು ಮಾತ್ರ ಕೇಳಿ ಸುಮ್ಮನಾಗುತ್ತಿದ್ದೆವು, ವಂಡರ್ಸ್ ಮೇಲೆ ಇಷ್ಟು ಮಮತೆ ಬರುತ್ತಿರಲಿಲ್ಲ. ಆ ಮಮತೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಹ್ಯಾಂಕ್ಸ್ ಚಿತ್ರದ ಇನ್ನೊಂದು ದೃಶ್ಯ ಉತ್ತರ ಕೊಡುತ್ತದೆ.

ಹಾಡಿನ ರೆಕಾರ್ಡು ರೇಡಿಯೊ ಸ್ಟೇಷನ್ನಿಗೆ ಹೋಗಿದೆ, ಹಾಕುತ್ತಾರೋ ಇಲ್ಲವೋ ಗೊತ್ತಿಲ್ಲ. ಲಿವ್ ಟೈಲರ್ ಮಾಡಿದ ಫೇ ಎಂಬ ಹುಡುಗಿ ಕಿವಿಗೆ ಟ್ರಾನ್ಸಿಸ್ಟರಿನ ತಂತಿ ಸಿಕ್ಕಿಸಿಕೊಂಡು ಬೀದಿಯಲ್ಲಿ ಬರುತ್ತಿದ್ದಾಳೆ. ಡ್ರಮ್ಸಿನ ಆ ಪರಿಚಿತ ಏಟು ಬೀಳುತ್ತದೆ. ಕಿರುಚುತ್ತಾಳೆ, ಓಡುತ್ತಾಳೆ. ದಾರಿಯಲ್ಲಿ ತಂಡದ ಹುಡುಗ ಸಿಗುತ್ತಾನೆ, ಅವನೂ ಅವಳ ಜೊತೆ ಓಡುತ್ತಾನೆ. ಪ್ಯಾಟರ್ಸನ್ ಅಂಗಡಿಗೆ ನುಗ್ಗಿದರೆ ಅಲ್ಲಿ ಮಾರಾಟಕ್ಕಿಟ್ಟ ರೇಡಿಯೊಗಳು ಸಾಲಾಗಿ ನಿಂತಿವೆ. ಗೈ ಅವನ್ನು ತಿರುಗಿಸಿ ಹಚ್ಚುತ್ತಾನೆ. ಉಳಿದಿಬ್ಬರೂ ಬಂದು ಸೇರುತ್ತಾರೆ. ಫ್ರಿಜ್ಜು, ಟೀವಿಗಳ ನಡುವಿನ ಇಕ್ಕಟ್ಟಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಅಪ್ಪಿ ಕುಣಿಯುತ್ತಾರೆ. ಅಂಗಡಿಯೊಳಗೆ ತುಂಬಿದ ಆ ದನಿ ತಮ್ಮದು. ಕೆಲವೇ ವಾರ ಹಿಂದೆ ಅದೇ ಅಂಗಡಿಯಲ್ಲಿ ಅದೇ ರೇಡಿಯೊಗಳನ್ನು ಗಿರಾಕಿಗಳಿಗೆ ತೋರಿಸುತ್ತಿದ್ದವನು ಗೈ.

ನಾವು ಪ್ರೀತಿಸುವ ಯಾವ ನಿಜವಾದ ತಂಡದ ಇಂಥ ಗಳಿಗೆಯಲ್ಲೂ ನಾವು ಇರಲಿಲ್ಲ. ಪ್ರಸಿದ್ಧರಾದ ಮೇಲೆ ಅವರು ನಮಗೆ ಗೊತ್ತಾದರು. ಹಾಡು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಅದು ಎಲ್ಲರ ಹಾಡಾಗಿತ್ತು. ಮೊದಲ ಸಲ ಅದು ತಪ್ಪು ವೇಗದಲ್ಲಿ ಶುರುವಾದಾಗ ಯಾರು ಯಾರನ್ನು ಬೈದರು, ರೇಡಿಯೊದಲ್ಲಿ ಬಂದಾಗ ಯಾರು ಓಡಿದರು, ಅದನ್ನೆಲ್ಲ ಆಮೇಲೆ ಸಂದರ್ಶನಗಳಲ್ಲಿ ಓದಿ ತಿಳಿಯಬೇಕು. ಕಲ್ಪಿತ ತಂಡ ನಮ್ಮನ್ನು ಆ ಅಂಗಡಿಯೊಳಗೇ ನಿಲ್ಲಿಸುತ್ತದೆ. ಅವರ ಹಾಡನ್ನು ಲೋಕಕ್ಕಿಂತ ಮೊದಲು ಕೇಳಿದವರು ನಾವು. ಆ ಮೊದಲ ಕೇಳುಗರ ಹಕ್ಕನ್ನು ಬೇರೆ ಯಾವ ತಂಡವೂ ನಮಗೆ ಕೊಡಲಾರದು. ಆದರೆ ಆ ಅಂಗಡಿಯಲ್ಲಿ ಮೊಳಗುವ ಹಾಡು ಸಪ್ಪೆಯಾಗಿದ್ದಿದ್ದರೆ ಫೇಯ ಓಟಕ್ಕೆ ಅರ್ಥವೇ ಇರುತ್ತಿರಲಿಲ್ಲ. ಶ್ಲೆಸಿಂಜರ್ ಅವರ ಹಾಡು ಸಿಕ್ಕಿದ್ದರಿಂದಲೇ ಆ ಓಟ ನಮ್ಮದೂ ಆಯಿತು.

ಚಿತ್ರ ತೆರೆ ಕಂಡದ್ದು 1996ರ ಅಕ್ಟೋಬರ್ 4ಕ್ಕೆ. ಅದೇ ವಾರ ಫೌಂಟನ್ಸ್ ಆಫ್ ವೇಯ್ನ್ ತಂಡದ ಮೊದಲ ಆಲ್ಬಮ್ ಕೂಡ ಬಂತು. ಇರುವ ತಂಡ, ಇಲ್ಲದ ತಂಡ ಎರಡಕ್ಕೂ ಬರೆದವರು ಒಬ್ಬರೇ. ಆಗ ಹೆಚ್ಚು ಕಿವಿಗಳನ್ನು ಮುಟ್ಟಿದ್ದು ಇಲ್ಲದ ತಂಡದ ಹಾಡು. ಕತೆಯೊಳಗೆ ಅದು ಬಿಲ್‌ಬೋರ್ಡ್ ಪಟ್ಟಿಯ 7ನೇ ಸ್ಥಾನಕ್ಕೆ ಏರುತ್ತದೆ, ನಿಜಜೀವನದಲ್ಲಿ 41ರವರೆಗೆ ಬಂತು. ಆಸ್ಕರ್ ಮತ್ತು ಗೋಲ್ಡನ್ ಗ್ಲೋಬ್ ಎರಡಕ್ಕೂ ನಾಮನಿರ್ದೇಶನವಾಯಿತು. ಆಸ್ಕರ್ ಹೋದದ್ದು ‘ಎವೀಟಾ’ ಚಿತ್ರದ ಹಾಡಿಗೆ. ಅದು ಒಳ್ಳೆಯ ಹಾಡೇ, ಆದರೂ ಆ ತೀರ್ಪನ್ನು ನಾನು ಒಪ್ಪುವುದಿಲ್ಲ.

ಶ್ಲೆಸಿಂಜರ್ ಮುಂದೆಯೂ ಕಲ್ಪಿತ ಗಾಯಕರಿಗೆ ದುಡಿಯುವುದನ್ನು ಬಿಡಲಿಲ್ಲ. 2001ರ ‘ಜೋಸಿ ಅಂಡ್ ದಿ ಪುಸಿಕ್ಯಾಟ್ಸ್’ ಚಿತ್ರದ ಹುಡುಗಿಯರ ತಂಡಕ್ಕೆ ಹಾಡು ಕೊಟ್ಟರು. 2007ರ ‘ಮ್ಯೂಸಿಕ್ ಅಂಡ್ ಲಿರಿಕ್ಸ್’ನಲ್ಲಿ ಹಳೆಯ ಪಾಪ್ ತಾರೆಯೊಬ್ಬ ಕಷ್ಟಪಟ್ಟು ಕಟ್ಟುವ ಹಾಡು ಅವರದ್ದೇ. ‘ಕ್ರೇಜಿ ಎಕ್ಸ್-ಗರ್ಲ್‌ಫ್ರೆಂಡ್’ ಟೀವಿ ಸರಣಿಗೆ ಬರೆದ ಹಾಡಿಗೆ 2019ರಲ್ಲಿ ಎಮ್ಮಿ ಬಂತು. 2020ರ ಏಪ್ರಿಲ್ 1ರಂದು, 52ನೇ ವಯಸ್ಸಿಗೆ, ಕೋವಿಡ್ ಅವರನ್ನು ಒಯ್ದಿತು. ಅದೇ ತಿಂಗಳು ವಂಡರ್ಸ್ ಪಾತ್ರದ ನಾಲ್ವರು ನಟರು ಅಂತರ್ಜಾಲದಲ್ಲಿ ಒಟ್ಟಿಗೆ ಕೂತು ಚಿತ್ರವನ್ನು ಮತ್ತೆ ನೋಡಿದರು, ಕಷ್ಟದಲ್ಲಿದ್ದ ಸಂಗೀತಗಾರರಿಗಾಗಿ ಹಣ ಎತ್ತಿದರು.

ಅದಕ್ಕೆ ನಾಲ್ಕು ವರ್ಷ ಮೊದಲು, ಮಂಕೀಸ್ ಧಾರಾವಾಹಿಗೆ ಐವತ್ತು ತುಂಬಿದಾಗ, ಹೊಸ ಆಲ್ಬಮ್‌ಗೆ ನಿರ್ಮಾಪಕರಾಗಿ ಕರೆ ಹೋದದ್ದು ಶ್ಲೆಸಿಂಜರ್ ಅವರಿಗೇ. ಡೇವಿ ಜೋನ್ಸ್ 2012ರಲ್ಲಿ ತೀರಿಕೊಂಡಿದ್ದರು. ಅರವತ್ತರ ದಶಕದಲ್ಲಿ ಅವರು ಹಾಡಿದ್ದ ನೀಲ್ ಡೈಮಂಡ್ ಹಾಡೊಂದರ ಮುದ್ರಿಕೆಯನ್ನು ಹೊರತೆಗೆದು ಪೂರ್ತಿಗೊಳಿಸಿದರು. ಹ್ಯಾರಿ ನಿಲ್ಸನ್ ಹಾಡಿಟ್ಟಿದ್ದ ಹಳೆಯ ಡೆಮೊದ ಜೊತೆ ಡೋಲೆಂಜ್ ದನಿ ಸೇರಿಸಿದರು. ಮಂಕೀಸ್ ಕೇಳುತ್ತಲೇ ಬೆಳೆದ ಮುಂದಿನ ತಲೆಮಾರಿನ ಗೀತಕಾರರಿಂದ ಹೊಸ ಹಾಡು ಬರೆಸಿದರು, ತಾವೂ ಬರೆದರು. ‘ಗುಡ್ ಟೈಮ್ಸ್!’ 2016ರ ಮೇ 27ಕ್ಕೆ ಬಂದು ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ 14ನೇ ಸ್ಥಾನದವರೆಗೆ ಹೋಯಿತು. ಅದನ್ನು ಇನ್ನೂ ಕೇಳದವರು ಬೆನ್ ಗಿಬರ್ಡ್ ಬರೆದ ‘ಮಿ ಅಂಡ್ ಮ್ಯಾಗ್ಡಲೀನಾ’ದಿಂದ ಶುರುಮಾಡಲಿ. ನೆಸ್ಮಿತ್ ಮತ್ತು ಡೋಲೆಂಜ್ ಇಬ್ಬರೂ ಒಟ್ಟಿಗೆ ಹಾಡಿದ್ದಾರೆ.